ಪಿನ್ ಸರಿಯಾಗಿ ಕೂರುತ್ತದೆ, ಸೌಂಡ್ ಯಾಕೆ ಬರುವುದಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಒಂದು ನಮೂನೆಯ ಆಡಿಯೋ ಪಿನ್ ಅನ್ನು ಇನ್ನೊಂದು ನಮೂನೆಗೆ ಬದಲಾಯಿಸುವ ಅಡಾಪ್ಟರ್‌ಗಳ ತಾಪತ್ರಯ. ಹಾಗಾಗಿ ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ. ಅಂಗಡಿಯವರ ಮಾತಿನಲ್ಲೇ ಬರೆಯುತ್ತೇನೆ, ಕೊಳ್ಳುವಾಗ ಕೇಳಲು ಸುಲಭ. ಇಯರ್‌ಫೋನಿನ 3.5 ಮಿ.ಮೀ. ಪಿನ್ ಅಂದರೆ ಇಪಿ ಪಿನ್. ಮೈಕ್ ಸೆಟ್ಟಿನ ದಪ್ಪನೆಯ 6.35 ಮಿ.ಮೀ. ಪಿನ್ ಅಂದರೆ ಪಿ-38. ಟಿವಿ, ಡಿವಿಡಿಯ ಕೆಂಪು-ಬಿಳಿ ಪಿನ್ ಆರ್‌ಸಿಎ. ಮೂರು ಕಡ್ಡಿಯ ದುಂಡನೆಯ ಮೈಕ್ ಪಿನ್ ಕ್ಯಾನನ್, ಅದನ್ನೇ ಎಕ್ಸ್‌ಎಲ್‌ಆರ್ ಅಂತಲೂ ಕರೆಯುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಡಾಪ್ಟರ್ ಬದಲಾಯಿಸುವುದು ತುದಿಯ ಆಕಾರವನ್ನು ಮಾತ್ರ. ಒಳಗೆ ಹರಿಯುವ ಸಿಗ್ನಲ್ ಎಷ್ಟು ಜೋರಿನದು, ಎಷ್ಟು ತಂತಿಯಲ್ಲಿ ಬರುತ್ತದೆ, ಯಾವ ಕಡೆಗೆ ಹೋಗುತ್ತದೆ ಅನ್ನುವುದನ್ನು ಅದು ಮುಟ್ಟುವುದೂ ಇಲ್ಲ. ಕೀಲಿಕೈ ಬೀಗದೊಳಗೆ ಹೋದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ, ಅಲ್ವಾ? ಕೆಳಗಿನ ಪ್ರತಿಯೊಂದು ಪತ್ರದಲ್ಲೂ ಆಗಿರುವುದು ಇದೇ.

ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕ್ ಸೆಟ್ಟಿನವರು ಮಿಕ್ಸರ್‌ನಿಂದ ಒಂದು ವೈರ್ ಕೊಟ್ಟರು. ಒಂದು ತುದಿ ಇಪಿ ಪಿನ್, ಇನ್ನೊಂದು ತುದಿ ಕ್ಯಾನನ್. ನನ್ನ ಫೋನಿಗೆ ಸಿಕ್ಕಿಸಿ ಡ್ಯಾನ್ಸಿನ ಹಾಡು ಹಾಕಿದರೆ ವಯಲಿನ್, ಕೊಳಲು ಎಲ್ಲ ಕೇಳಿಸಿತು, ಹಾಡುವವರ ದನಿಯೇ ಮಾಯ! ಹಾಡಿನ ಫೈಲೇ ಕೆಟ್ಟಿದೆ ಅಂದರು. ಆದರೆ ಇಯರ್‌ಫೋನಿನಲ್ಲಿ ಕೇಳಿದರೆ ಸರಿಯಾಗಿತ್ತು. ಏನಾಗಿತ್ತು?
— ಶಿಕ್ಷಕಿ, ಅರಸೀಕೆರೆ

ಮೇಡಂ, ಫೈಲೂ ಕೆಟ್ಟಿಲ್ಲ, ಫೋನೂ ಕೆಟ್ಟಿಲ್ಲ. ಆ ವೈರೇ ಕಾರಣ.

ಕ್ಯಾನನ್ ಪಿನ್ನಿನ ಮೂರು ಕಡ್ಡಿಗಳಲ್ಲಿ 1 ಗ್ರೌಂಡ್. 2 ಮತ್ತು 3ರಲ್ಲಿ ಬರುವುದು ಒಂದೇ ದನಿ, ಆದರೆ 3ರಲ್ಲಿ ಅದು ತಲೆಕೆಳಗಾಗಿ ಬರುತ್ತದೆ. ಮಿಕ್ಸರ್ 2ರಲ್ಲಿ ಬಂದದ್ದರಿಂದ 3ರಲ್ಲಿ ಬಂದದ್ದನ್ನು ಕಳೆಯುತ್ತದೆ. ಸುಮ್ನೆ ಅಲ್ಲ, ಇದು ಬಹಳ ಒಳ್ಳೆಯ ಏರ್ಪಾಡು. ವೇದಿಕೆಯಿಂದ ಮಿಕ್ಸರ್‌ವರೆಗೆ ಐವತ್ತು ಮೀಟರ್ ವೈರ್ ಎಳೆದಾಗ ದಾರಿಯಲ್ಲಿ ಟ್ಯೂಬ್‌ಲೈಟಿನ ಗುಯ್ ಸದ್ದು, ಜನರೇಟರಿನ ಸದ್ದು ಎರಡೂ ತಂತಿಗೆ ಸಮವಾಗಿ ಸೇರಿಕೊಳ್ಳುತ್ತವೆ. ಕಳೆಯುವಾಗ ಎರಡರಲ್ಲೂ ಸಮವಾಗಿರುವ ಸದ್ದು ಸೊನ್ನೆಯಾಗುತ್ತದೆ. ತಲೆಕೆಳಗಾಗಿ ಬಂದ ಮೈಕಿನ ದನಿ ಮಾತ್ರ ಉಳಿದು ಇಮ್ಮಡಿಯಾಗುತ್ತದೆ.

ಈಗ ನಿಮ್ಮ ಫೋನಿಗೆ ಬನ್ನಿ. ಇಪಿ ಪಿನ್ನಿನ ತುದಿಯಲ್ಲಿ ಎಡಗಿವಿಯ ಹಾಡು, ಅದರ ಹಿಂದಿನ ಉಂಗುರದಲ್ಲಿ ಬಲಗಿವಿಯ ಹಾಡು ಇರುತ್ತದೆ. ಆ ವೈರ್ ಮಾಡಿದವರು ಎಡದ್ದನ್ನು ಕಡ್ಡಿ 2ಕ್ಕೂ ಬಲದ್ದನ್ನು ಕಡ್ಡಿ 3ಕ್ಕೂ ಬೆಸುಗೆ ಹಾಕಿದ್ದಾರೆ. ಮಿಕ್ಸರ್ ತನ್ನ ಅಭ್ಯಾಸದಂತೆ ಎಡದಿಂದ ಬಲವನ್ನು ಕಳೆದಿದೆ. ಸ್ಟುಡಿಯೋದಲ್ಲಿ ಹಾಡುವವರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ, ಅಂದರೆ ನಡುವಿಗೆ ಇಡುತ್ತಾರೆ. ಸಮವಾಗಿದ್ದದ್ದು ಹೋಯಿತು. ಒಂದು ಪಕ್ಕಕ್ಕೆ ಸರಿಸಿಟ್ಟ ವಯಲಿನ್, ಕೊಳಲು ಉಳಿದವು.

ಇನ್ನೊಮ್ಮೆ ಹೀಗಾದರೆ, ಪರದೆ ಏಳುವ ಹೊತ್ತಿನಲ್ಲಿ ಹೊಸ ವೈರ್ ಹುಡುಕಿಕೊಂಡು ಓಡಬೇಕಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅನ್ನುವ ಭಾಗಕ್ಕೆ ಹೋಗಿ. ಅಲ್ಲಿ ಎಡ-ಬಲದ ಬ್ಯಾಲೆನ್ಸ್ ಗೆರೆ ಇರುತ್ತದೆ, ಅದನ್ನು ಪೂರ್ತಿ ಎಡಕ್ಕೆ ಎಳೆಯಿರಿ. ದನಿ ವಾಪಸ್ ಬರುತ್ತದೆ. ಅಲ್ಲೇ ಮೋನೋ ಆಡಿಯೋ ಅನ್ನುವ ಸ್ವಿಚ್ಚೂ ಇರುತ್ತದೆ. ಬ್ಯಾಲೆನ್ಸ್ ಎಡಕ್ಕೆ ಎಳೆದ ಮೇಲೆ ಅದನ್ನು ಆನ್ ಮಾಡಿದರೆ ಬಲಗಡೆಯ ವಾದ್ಯಗಳೂ ಸೇರಿಕೊಳ್ಳುತ್ತವೆ. ಬ್ಯಾಲೆನ್ಸ್ ನಡುವಿನಲ್ಲೇ ಬಿಟ್ಟು ಬರೀ ಮೋನೋ ಆನ್ ಮಾಡಬೇಡಿ. ಆಗ ಎರಡೂ ಕಡೆ ಒಂದೇ ಆಗಿ, ಕಳೆದಾಗ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ, ಇಡೀ ಹಾಡೇ ಹೋಗುತ್ತದೆ. ಅಂದಹಾಗೆ, ವೈರ್ ಇಂಥದ್ದೇ ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡಲು ಇದು ಒಳ್ಳೆಯ ಉಪಾಯ.

ಶಾಶ್ವತ ಪರಿಹಾರ ಬೇಕೆಂದರೆ ಒಂದು ತುದಿ ಸ್ಟೀರಿಯೋ ಇಪಿ, ಇನ್ನೊಂದು ತುದಿಯಲ್ಲಿ ಎರಡು ಮೋನೋ ಪಿ-38 ಇರುವ ವೈರನ್ನು ಶಾಲೆಯಲ್ಲೇ ಇಟ್ಟುಕೊಳ್ಳಿ. ಮಿಕ್ಸರಿನ ಎರಡು ಲೈನ್ ಇನ್‌ಪುಟ್‌ಗಳಿಗೆ ಹಾಕಿಸಿ. ಜಾಗ ಒಂದೇ ಇದ್ದರೆ ಎಡ-ಬಲ ಎರಡನ್ನೂ ನೇರವಾಗಿ ಒಂದೇ ತುದಿಗೆ ಕಟ್ಟಬಾರದು. ಫೋನಿನ ಒಳಗಿರುವ ಎರಡು ಪುಟ್ಟ ಆಂಪ್ಲಿಫಯರುಗಳು ಒಂದರ ಮೇಲೊಂದು ಒತ್ತಲು ಶುರು ಮಾಡುತ್ತವೆ, ಸೌಂಡ್ ಒಡೆಯುತ್ತದೆ. ಪಿ-38 ಪಿನ್ನಿನ ಟೊಪ್ಪಿ ಬಿಚ್ಚಿ, ಪ್ರತಿ ತಂತಿಗೂ ಒಂದೊಂದು 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಆಮೇಲೆ ತುದಿಗೆ ಸೇರಿಸಿ ಬೆಸುಗೆ ಹಾಕಲು ಹೇಳಿ. ರೇಡಿಯೋ ರಿಪೇರಿ ಗೊತ್ತಿರುವ ಯಾರಾದರೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಇನ್ನೊಂದು ವಿಷಯ, ಇದನ್ನು ಮರೆಯಬೇಡಿ. ಮಿಕ್ಸರಿನಲ್ಲಿ 48 ವೋಲ್ಟ್ ಅಥವಾ ಫ್ಯಾಂಟಮ್ ಅಂತ ಒಂದು ಗುಂಡಿ ಇರುತ್ತದೆ. ಕಂಡೆನ್ಸರ್ ಮೈಕಿಗೆ ಕರೆಂಟ್ ಕೊಡಲು ಅದು. ಅದು ಆನ್ ಇದ್ದಾಗ ಕ್ಯಾನನ್ನಿನ 2 ಮತ್ತು 3ನೇ ಕಡ್ಡಿಗಳಿಂದ ಆ ಕರೆಂಟು ಹಿಂದಕ್ಕೆ ನಿಮ್ಮ ಫೋನಿನೊಳಕ್ಕೇ ಹೋಗಬಹುದು. ಕ್ಯಾನನ್ ವೈರನ್ನು ಫೋನಿಗೋ ಲ್ಯಾಪ್‌ಟಾಪಿಗೋ ಸಿಕ್ಕಿಸುವ ಮುಂಚೆ "ಅಣ್ಣಾ, ಫ್ಯಾಂಟಮ್ ಆಫ್ ಇದೆಯಾ?" ಅಂತ ಕೇಳಿ. ನಾಚಿಕೆ ಪಡಬೇಡಿ. ಒಡೆದರೆ ನಿಮ್ಮ ಫೋನು.

ಮದುವೆ ವಿಡಿಯೋ ಮಾಡುತ್ತೇನೆ. ಕ್ಯಾನನ್ ಮೈಕನ್ನು ಅಡಾಪ್ಟರ್ ಹಾಕಿ ಕ್ಯಾಮೆರಾದ ಇಪಿ ತೂತಿಗೆ ಕೊಟ್ಟೆ. ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿಸುತ್ತೆ. ವಿಡಿಯೋ ಕಳಿಸಿದರೆ, ಫೋನಿನಲ್ಲಿ ನೋಡಿದವರು ಮಾತೇ ಕೇಳಿಸಲ್ಲ ಅಂತಾರೆ.
— ಛಾಯಾಗ್ರಾಹಕ, ಚನ್ನಪಟ್ಟಣ

ಮೇಲಿನ ಕಥೆಯೇ ಉಲ್ಟಾ ಆಗಿದೆ. ಮೈಕಿನ ಕಡ್ಡಿ 2 ಎಡಕ್ಕೆ, ಕಡ್ಡಿ 3 ಬಲಕ್ಕೆ ಹೋಗಿದೆ. ಅಂದರೆ ಬಲಗಡೆ ತಲೆಕೆಳಗಾದ ದನಿ ರೆಕಾರ್ಡ್ ಆಗಿದೆ. ಹೆಡ್‌ಫೋನಿನಲ್ಲಿ ಎರಡು ಕಿವಿಗೂ ಬೇರೆ ಬೇರೆಯಾಗಿ ಬರುವುದರಿಂದ ಗೊತ್ತಾಗುವುದಿಲ್ಲ, ಸ್ವಲ್ಪ ವಿಚಿತ್ರ ಅನಿಸಬಹುದು ಅಷ್ಟೆ. ಒಂದೇ ಸ್ಪೀಕರಿನ ಫೋನು ಎರಡನ್ನೂ ಕೂಡಿಸಿದ ಕೂಡಲೇ ಅವು ಒಂದನ್ನೊಂದು ತಿಂದುಹಾಕುತ್ತವೆ.

ಒಳ್ಳೆಯ ಸುದ್ದಿ ಏನೆಂದರೆ, ಆಗಿರುವ ರೆಕಾರ್ಡಿಂಗ್ ಹಾಳಾಗಿಲ್ಲ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬಲಗಡೆಯ ಚಾನಲ್ ತೆಗೆದುಹಾಕಿ, ಎಡದ್ದನ್ನೇ ಎರಡೂ ಕಡೆಗೆ ತುಂಬಿ. ಮಾತು ಪೂರ್ತಿ ಸಿಗುತ್ತದೆ. ಮುಂದಕ್ಕೆ ಅಡಾಪ್ಟರ್ ಕೊಳ್ಳುವಾಗ ಕಡ್ಡಿ 2 ಇಪಿ ಪಿನ್ನಿನ ತುದಿಗೂ ಉಂಗುರಕ್ಕೂ ಎರಡಕ್ಕೂ ಹೋಗಿರಬೇಕು, 3 ಮತ್ತು 1 ಗ್ರೌಂಡಿಗೆ ಸೇರಿರಬೇಕು. ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ ಮುಟ್ಟಿಸಿ ನೋಡಿದರೆ ತಕ್ಷಣ ತಿಳಿಯುತ್ತದೆ. ದಾರೆಯ ಮಂತ್ರ ಎರಡನೇ ಸಲ ಸಿಗುವುದಿಲ್ಲ, ಹಾಗಾಗಿ ಮನೆಯಲ್ಲೇ ಒಂದು ಸಲ ರೆಕಾರ್ಡ್ ಮಾಡಿ ಫೋನಿನ ಸ್ಪೀಕರಿನಲ್ಲಿ ಕೇಳಿ ನೋಡಿಯೇ ಹೊರಡಿ.

ಕಾಲರ್ ಮೈಕ್ ತೆಗೆದುಕೊಂಡೆ, ಅಡುಗೆ ವಿಡಿಯೋಗೆ. ಮೊಬೈಲಿಗೆ ಹಾಕಿದರೆ ಮಿಕ್ಸಿ ಸದ್ದು, ಪಕ್ಕದ ಮನೆ ನಾಯಿ ಎಲ್ಲ ಬರುತ್ತೆ. ಮೈಕ್ ಕೆಲಸ ಮಾಡ್ತಿಲ್ಲ ಅನಿಸುತ್ತೆ. ಬದಲಾಯಿಸಬೇಕಾ?
— ಗೃಹಿಣಿ, ದಾವಣಗೆರೆ

ಬದಲಾಯಿಸುವ ಮುಂಚೆ ಪಿನ್ನನ್ನು ಕಣ್ಣ ಹತ್ತಿರ ತಂದು ನೋಡಿ ಅಮ್ಮಾ. ಲೋಹದ ಮೇಲೆ ಕಪ್ಪು ಪಟ್ಟಿ ಎಷ್ಟಿವೆ? ಎರಡು ಇದ್ದರೆ ಅದು ಕ್ಯಾಮೆರಾದ ಮೈಕ್. ಮೂರು ಇದ್ದರೆ ಮೊಬೈಲಿನದು.

ಮೊಬೈಲಿನ ತೂತಿನಲ್ಲಿ ನಾಲ್ಕು ಜಾಗ ಇರುತ್ತವೆ: ತುದಿ ಎಡಗಿವಿಗೆ, ನಂತರದ್ದು ಬಲಗಿವಿಗೆ, ಮೂರನೆಯದು ಗ್ರೌಂಡ್, ಬುಡದ್ದು ಮೈಕಿಗೆ. ಎರಡು ಪಟ್ಟಿಯ ಪಿನ್ನಿನಲ್ಲಿ ಮೈಕಿನ ತಂತಿ ತುದಿಯಲ್ಲಿದೆ, ಫೋನು ಅದನ್ನು ಬುಡದಲ್ಲಿ ಹುಡುಕುತ್ತಿದೆ. ಸಿಗದಿದ್ದಾಗ ತನ್ನದೇ ಒಳಗಿನ ಮೈಕಿನಿಂದ ರೆಕಾರ್ಡ್ ಮಾಡುತ್ತದೆ. ಅದಕ್ಕೇ ನಾಯಿ ಬೊಗಳಿದ್ದೆಲ್ಲ ಬಂದಿರುವುದು. ಎರಡು ಪಟ್ಟಿಯಿಂದ ಮೂರು ಪಟ್ಟಿಗೆ ಬದಲಾಯಿಸುವ ಗೇಣುದ್ದದ ವೈರ್ ಸಿಗುತ್ತದೆ, "ಮೊಬೈಲಿಗೆ ಕ್ಯಾಮೆರಾ ಮೈಕ್ ಹಾಕುವ ಕನ್ವರ್ಟರ್" ಎಂದು ಕೇಳಿ. ಕೆಲವು ಕಾಲರ್ ಮೈಕ್‌ಗಳ ವೈರಿನ ಮಧ್ಯೆ ಪುಟ್ಟ ಡಬ್ಬಿ, ಅದರ ಮೇಲೊಂದು ಸ್ವಿಚ್ ಇರುತ್ತದೆ, ಒಂದು ಕಡೆ ಫೋನು, ಇನ್ನೊಂದು ಕಡೆ ಕ್ಯಾಮೆರಾ. ನಿಮ್ಮದರಲ್ಲಿ ಇದ್ದರೆ ಅದನ್ನು ಸರಿಸಿ ನೋಡಿ, ಖರ್ಚೇ ಇಲ್ಲ.

ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನೋಡಲು ರೆಕಾರ್ಡಿಂಗ್ ಶುರು ಮಾಡಿ, ಕಾಲರ್ ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಗೀಚಿ. ವಾಪಸ್ ಕೇಳಿದಾಗ ಕರಕರ ಅಂತ ಜೋರಾಗಿ ಬಂದರೆ ಮೈಕ್ ಸಿಕ್ಕಿದೆ. ಬಾರದಿದ್ದರೆ ಫೋನು ಇನ್ನೂ ತನ್ನ ಮೈಕನ್ನೇ ಬಳಸುತ್ತಿದೆ.

ಇದೇ ಜಾತಿಯ ಇನ್ನೊಂದು ದೂರು ಹುಬ್ಬಳ್ಳಿಯಿಂದ ಬಂದಿದೆ. ಹಳೇ ಹೆಡ್‌ಸೆಟ್ ಅನ್ನು ಹೊಸ ಫೋನಿಗೆ ಹಾಕಿದರೆ ಹಾಡು ಬಾವಿಯೊಳಗಿನಿಂದ ಬಂದ ಹಾಗಿದೆಯಂತೆ, ವೈರಿನ ಮೇಲಿನ ಗುಂಡಿ ಒತ್ತಿ ಹಿಡಿದರೆ ಸರಿಯಾಗುತ್ತದಂತೆ. ಅದರಲ್ಲಿ ಗ್ರೌಂಡ್ ಮತ್ತು ಮೈಕಿನ ಜಾಗ ಅದಲುಬದಲಾಗಿದೆ. ಹಿಂದೆ ಎರಡು ಪದ್ಧತಿ ಇದ್ದವು, ಓಎಂಟಿಪಿ ಮತ್ತು ಸಿಟಿಐಎ. ಈಗಿನ ಫೋನುಗಳಲ್ಲಿ ಬಹುತೇಕ ಎರಡನೆಯದೇ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಪುಟ್ಟ ಅಡಾಪ್ಟರ್ ಸಿಗುತ್ತದೆ.

ಅಕ್ಕನ ಫೋನಿನ ಜೊತೆ ಬಂದ ಸಿ-ಟೈಪ್ ಇಯರ್‌ಫೋನ್ ಅಡಾಪ್ಟರ್ ನನ್ನ ಫೋನಿಗೆ ಆಗಲ್ಲ. ಎರಡೂ ಸಿ-ಟೈಪೇ ಅಲ್ವಾ ಸರ್?
— ವಿದ್ಯಾರ್ಥಿ, ತುಮಕೂರು

ತೂತು ಒಂದೇ, ಒಳಗಿನ ವ್ಯವಹಾರ ಬೇರೆ. 2016ರಲ್ಲಿ ಐಫೋನ್ 7 ಇಪಿ ತೂತನ್ನು ಬಿಟ್ಟ ಮೇಲೆ ಒಂದೊಂದೇ ಕಂಪನಿ ಅದೇ ದಾರಿ ಹಿಡಿಯಿತು. ಸಿ-ಟೈಪ್ ಫೋನುಗಳಲ್ಲಿ ಎರಡು ಬಗೆ ಆದವು. ಕೆಲವು ಫೋನುಗಳು ಹಾಡನ್ನು ಒಳಗೇ ತಯಾರಿಸಿ ಸಿ-ಟೈಪ್ ತೂತಿನ ಮೂಲಕ ಹೊರಗೆ ಬಿಡುತ್ತವೆ. ಅಂಥವಕ್ಕೆ ಬರೀ ತಂತಿಯ ಅಡಾಪ್ಟರ್ ಸಾಕು. ಇನ್ನು ಕೆಲವು ಬರೀ ಡಿಜಿಟಲ್ ಲೆಕ್ಕ ಕಳಿಸುತ್ತವೆ, ಅದನ್ನು ದನಿಯಾಗಿ ಮಾಡುವ ಚಿಪ್ ಅಡಾಪ್ಟರಿನ ಒಳಗೇ ಇರಬೇಕು. ಆ ಚಿಪ್ಪಿಗೆ ಡ್ಯಾಕ್ ಎನ್ನುತ್ತಾರೆ. ಅಕ್ಕನದರಲ್ಲಿ ಚಿಪ್ ಇಲ್ಲ, ನಿನ್ನ ಫೋನಿಗೆ ಅದು ಬೇಕು. ಡ್ಯಾಕ್ ಇರುವುದನ್ನೇ ಕೊಂಡುಕೋ, ಅದು ಬಹುತೇಕ ಎಲ್ಲ ಸಿ-ಟೈಪ್ ಫೋನಿಗೂ ಲ್ಯಾಪ್‌ಟಾಪಿಗೂ ಆಗುತ್ತದೆ. ಪೊಟ್ಟಣದ ಮೇಲೆ ಡ್ಯಾಕ್ ಅಂತ ಬರೆದಿಲ್ಲದಿದ್ದರೆ ಅಂಗಡಿಯಲ್ಲೇ ನಿನ್ನ ಫೋನಿಗೆ ಹಾಕಿ, ಹಾಡು ಕೇಳಿ, ಒಂದು ಕಾಲ್ ಮಾಡಿ ಮೈಕನ್ನೂ ನೋಡಿಕೊಂಡು ದುಡ್ಡು ಕೊಡು.

ನಮ್ಮ ತಂದೆ ಹಾಡಿದ ವಚನಗಳ ಕ್ಯಾಸೆಟ್ಟುಗಳಿವೆ. ಟೇಪ್ ರೆಕಾರ್ಡರ್ ಇನ್ನೂ ನಡೆಯುತ್ತದೆ, ಆದರೆ ಅದಕ್ಕೆ ಇರುವುದು ಐದು ತೂತಿನ ದುಂಡನೆ ಸಾಕೆಟ್ ಒಂದೇ. ಕಂಪ್ಯೂಟರಿಗೆ ಇಳಿಸಿ ಮೊಮ್ಮಕ್ಕಳಿಗೆ ಕೊಡಬೇಕು ಅಂತ ಆಸೆ. ಯಾವ ಅಡಾಪ್ಟರ್ ತರಲಿ?
— ನಿವೃತ್ತ ನೌಕರ, ಧಾರವಾಡ

ಸರ್, ಈ ಪತ್ರಕ್ಕೆ ಸ್ವಲ್ಪ ಉದ್ದವಾಗೇ ಉತ್ತರಿಸುತ್ತೇನೆ, ಯಾಕೆಂದರೆ ಈ ಕೆಲಸ ತಡ ಆದಷ್ಟೂ ಟೇಪು ಹಾಳಾಗುತ್ತದೆ.

ಅದು ಡಿನ್ ಸಾಕೆಟ್, ಜರ್ಮನಿಯ ಮಾನಕ. ಐದು ತೂತುಗಳು ಅರ್ಧಚಂದ್ರದ ಹಾಗೆ ಇರುತ್ತವೆ. ಒಂದು ಕಡೆಯಿಂದ ಸಾಲಾಗಿ ನೋಡಿದರೆ ಅವುಗಳ ನಂಬರು 1, 4, 2, 5, 3. ನಡುವಿನ 2 ಗ್ರೌಂಡ್. ಟೇಪ್ ರೆಕಾರ್ಡರಿನಲ್ಲಿ ಸಾಮಾನ್ಯವಾಗಿ 1 ಮತ್ತು 4 ರೆಕಾರ್ಡ್ ಮಾಡಲು ಒಳಗೆ ಹೋಗುವ ದಾರಿ, 3 ಮತ್ತು 5 ಹಾಡು ಹೊರಗೆ ಬರುವ ದಾರಿ. ನಿಮಗೆ ಬೇಕಾದದ್ದು 3, 5 ಮತ್ತು 2 ಮಾತ್ರ. ಅಂಗಡಿಯಲ್ಲಿ ಡಿನ್‌ನಿಂದ ಎರಡು ಆರ್‌ಸಿಎಗೆ ಬದಲಾಯಿಸುವ ವೈರ್ ಸಿಗುತ್ತದೆ, ಆದರೆ ಕೆಲವದರಲ್ಲಿ 1 ಮತ್ತು 4ನ್ನೇ ಹೊರಗೆ ತಂದಿರುತ್ತಾರೆ. ಅದನ್ನು ಹಾಕಿದರೆ ಪಿನ್ ಗಟ್ಟಿಯಾಗಿ ಕೂರುತ್ತದೆ, ಸದ್ದು ಮಾತ್ರ ಬರುವುದಿಲ್ಲ. ನಾಲ್ಕು ಆರ್‌ಸಿಎ ಇರುವ ವೈರ್ ತೆಗೆದುಕೊಂಡರೆ ನಿಶ್ಚಿಂತೆ, ಟೇಪು ಓಡುತ್ತಿರುವಾಗ ಯಾವ ಎರಡರಲ್ಲಿ ಹಾಡು ಬರುತ್ತದೋ ಅವನ್ನು ಇಟ್ಟುಕೊಂಡರಾಯಿತು. ಕೀಬೋರ್ಡ್ ವಾದ್ಯದ ಮಿಡಿ ವೈರಿಗೂ ಇದೇ ಐದು ಕಡ್ಡಿಯ ಪಿನ್ ಇರುತ್ತದೆ. ಅದನ್ನು ತರಬೇಡಿ, ಮಿಡಿಯಲ್ಲಿ ಹರಿಯುವುದು ಹಾಡಲ್ಲ, ಯಾವ ಸ್ವರ ಒತ್ತಿದರು ಅನ್ನುವ ಸಂದೇಶ ಮಾತ್ರ.

ಇನ್ನು ಕಂಪ್ಯೂಟರಿನ ಕಡೆ. ಆರ್‌ಸಿಎಯಿಂದ ಇಪಿ ಪಿನ್‌ಗೆ ಅಡಾಪ್ಟರ್ ಹಾಕಿ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಡಿ ಅಂತ ಯಾರಾದರೂ ಹೇಳಬಹುದು. ದಯವಿಟ್ಟು ಬೇಡ. ಮೈಕಿನಿಂದ ಬರುವುದು ಕೆಲವು ಮಿಲಿವೋಲ್ಟ್. ಟೇಪ್ ರೆಕಾರ್ಡರಿನಂಥ ಲೈನ್ ಸಿಗ್ನಲ್ ಅದರ ನೂರು ಪಟ್ಟಿನಷ್ಟು ಜೋರು. ಮೈಕ್ ತೂತಿಗೆ ಕೊಟ್ಟರೆ ದನಿ ಹರಿದುಹೋಗುತ್ತದೆ, ಜೊತೆಗೆ ಲ್ಯಾಪ್‌ಟಾಪಿನ ಆ ತೂತು ಸಾಮಾನ್ಯವಾಗಿ ಒಂದೇ ಚಾನಲ್ ಓದುತ್ತದೆ. ಆರ್‌ಸಿಎ ಲೈನ್ ಇನ್‌ಪುಟ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ತನ್ನಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ರೆಕಾರ್ಡ್ ಮಾಡಲು ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. 44.1 ಕಿಲೋಹರ್ಟ್ಸ್, ಸ್ಟೀರಿಯೋ, ಡಬ್ಲ್ಯುಎವಿ ಫೈಲ್. ಸಾಮಾನ್ಯ ಸಿಡಿ ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ. ಎಂಪಿ3 ಆಮೇಲೆ ಮಾಡಿಕೊಳ್ಳಬಹುದು, ಮೂಲವನ್ನು ಡಬ್ಲ್ಯುಎವಿಯಲ್ಲೇ ಇಡಿ. ತಂದೆಯವರು ಅತಿ ಜೋರಾಗಿ ಹಾಡಿದ ಜಾಗದಲ್ಲಿ ಮೀಟರು ಮೈನಸ್ 6 ದಾಟದ ಹಾಗೆ ನೋಡಿಕೊಳ್ಳಿ.

ಮೊದಲು ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಕಿವಿಕಡ್ಡಿಯಿಂದ ಒರೆಸಿ, ಹತ್ತಿಗೆ ಕಂದುಬಣ್ಣ ಅಂಟುವುದು ನಿಲ್ಲುವವರೆಗೂ. ಬೆಲೆಯಿಲ್ಲದ ಯಾವುದಾದರೂ ಸಿನಿಮಾ ಹಾಡಿನ ಕ್ಯಾಸೆಟ್ ಹಾಕಿ ಯಂತ್ರ ಟೇಪು ನುಂಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೇ ವಚನದ ಕ್ಯಾಸೆಟ್. ಹಳೇ ಟೇಪು ಇನ್ನೊಂದು ಸಲ ಓಡುತ್ತದೆ ಅಂತ ಹೇಳಲಾಗದು, ಹಾಗಾಗಿ ಮೊದಲ ಸಲ ಓಡಿಸುವಾಗಲೇ ರೆಕಾರ್ಡಿಂಗ್ ಆನ್ ಇರಲಿ.

ಹೊಸ ಟಿವಿಗೆ ಕೆಂಪು-ಬಿಳಿ ಔಟ್ ಇಲ್ಲ, ಆಪ್ಟಿಕಲ್ ಮಾತ್ರ. ಹಳೇ ಹೋಮ್ ಥಿಯೇಟರ್ ಎಸೆಯಲು ಮನಸ್ಸಿಲ್ಲ.
— ಪುತ್ತೂರು

ಎಸೆಯಬೇಡಿ. ಆಪ್ಟಿಕಲ್‌ನಿಂದ ಆರ್‌ಸಿಎಗೆ ಬದಲಾಯಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಇದು ಬರೀ ತಂತಿ ಅಲ್ಲ, ಬೆಳಕಿನಲ್ಲಿ ಬರುವ ಡಿಜಿಟಲ್ ಸಿಗ್ನಲ್ ಅನ್ನು ದನಿಯಾಗಿಸುವ ಯಂತ್ರ. ಹಾಗಾಗಿ ಅದಕ್ಕೆ 5 ವೋಲ್ಟ್ ಕರೆಂಟ್ ಬೇಕು, ಟಿವಿಯ ಯುಎಸ್‌ಬಿ ತೂತಿನಿಂದಲೇ ಕೊಡಬಹುದು. ಕೊಳ್ಳುವಾಗ ದಿಕ್ಕು ನೋಡಿ, ಡಿಜಿಟಲ್‌ನಿಂದ ಅನಲಾಗ್‌ಗೆ ಹೋಗುವುದು ಬೇಕು. ಉಲ್ಟಾ ಡಬ್ಬಿಯೂ ನೋಡಲು ಇದೇ ಥರ ಇರುತ್ತದೆ. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂಗೆ ಹಾಕಿ. ಡಾಲ್ಬಿಯಲ್ಲಿ ಬಿಟ್ಟರೆ ಅಗ್ಗದ ಡಬ್ಬಿಗಳಿಗೆ ಅದು ಅರ್ಥವಾಗುವುದಿಲ್ಲ, ಮೌನ ಅಥವಾ ಬರೀ ಕರಕರ. ಎಲ್ಲ ಮಾಡಿಯೂ ಬರದಿದ್ದರೆ ಆಪ್ಟಿಕಲ್ ವೈರಿನ ತುದಿ ನೋಡಿ. ಹೊಸ ವೈರಿನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ, ತೆಗೆಯಲು ಮರೆತುಹೋಗುತ್ತದೆ.

ಯಕ್ಷಗಾನ ಮೇಳದ ಹಳೇ ಆಂಪ್ಲಿಫಯರಿನ ಸ್ಪೀಕರ್ ಔಟ್ ಪಿ-38 ಇದೆ. ಅಲ್ಲಿಂದ ಮಿಕ್ಸರಿನ ಪಿ-38ಗೆ ವೈರ್ ಕೊಟ್ಟು ರೆಕಾರ್ಡ್ ಮಾಡಬಹುದಾ?
— ಕುಂದಾಪುರ

ಖಂಡಿತ ಬೇಡ. ಸ್ಪೀಕರಿಗೆ ಹೋಗುವುದು ಹತ್ತಾರು ವೋಲ್ಟ್, ಹಾರ್ನ್ ಹಾಕುವ ಸೆಟ್ಟಿನ ಸ್ಪೀಕರ್ ಲೈನ್ ಆದರೆ 100 ವೋಲ್ಟ್ ಇರಬಹುದು. ಮಿಕ್ಸರಿನ ಆ ಚಾನಲ್ ಸುಟ್ಟುಹೋಗುತ್ತದೆ. ಆಂಪ್ಲಿಫಯರಿನ ಹಿಂದೆ ಲೈನ್ ಔಟ್ ಅಥವಾ ರೆಕಾರ್ಡ್ ಔಟ್ ಅಂತ ಬೇರೆ ತೂತು ಇದೆಯೇ ನೋಡಿ, ಅದರಿಂದ ಮಾತ್ರ ತೆಗೆಯಿರಿ.

ವೀಣೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿ, ಪಿ-38ನಿಂದ ಕ್ಯಾನನ್‌ಗೆ ಅಡಾಪ್ಟರ್ ಹಾಕಿ ಮಿಕ್ಸರಿಗೆ ಕೊಟ್ಟರೆ ನಾದ ಸೊರಗಿ ತಗಡಿನ ಹಾಗೆ ಕೇಳಿಸುತ್ತದೆ, ಹಮ್ ಕೂಡ ಬರುತ್ತದೆ. ಒಳ್ಳೇ ಅಡಾಪ್ಟರ್ ಹಾಕಿದರೆ ಸರಿಹೋಗುತ್ತಾ? ಚಿನ್ನದ ಲೇಪದ್ದು?
— ವೈಣಿಕರು, ಮೈಸೂರು

ಎಷ್ಟು ಒಳ್ಳೆಯ ಅಡಾಪ್ಟರ್ ತಂದರೂ ಸರಿಹೋಗುವುದಿಲ್ಲ. ಅಂಟಿಸುವ ಪೀಜೋ ಮೈಕಿಗೆ ತನ್ನ ಮೇಲೆ ಭಾರ ಹಾಕದ ಇನ್‌ಪುಟ್ ಬೇಕು, ಅಂದರೆ ಅದರ ತಡೆ ಕನಿಷ್ಠ 1 ಮೆಗಾ ಓಮ್ ಇರಬೇಕು. ಮಿಕ್ಸರಿನ ಮೈಕ್ ಇನ್‌ಪುಟ್ ಸಾಮಾನ್ಯವಾಗಿ ಒಂದೆರಡು ಕಿಲೋ ಓಮ್ ಮಾತ್ರ. ಆ ಭಾರಕ್ಕೆ ಮೊದಲು ಸಾಯುವುದೇ ಮಂದ್ರ. ವೀಣೆಯಲ್ಲಿ ಮಂದ್ರ ಹೋದರೆ ಇನ್ನೇನು ಉಳಿಯಿತು ಹೇಳಿ.

ನಿಮಗೆ ಬೇಕಾದದ್ದು ಆಕ್ಟಿವ್ ಡಿಐ ಬಾಕ್ಸ್. ಒಂದು ಕಡೆ ಪಿ-38, ಇನ್ನೊಂದು ಕಡೆ ಕ್ಯಾನನ್, ನಡುವೆ ಎಲೆಕ್ಟ್ರಾನಿಕ್ಸ್. ಹೆಚ್ಚಿನವು ಮಿಕ್ಸರಿನ 48 ವೋಲ್ಟಿನಲ್ಲೇ ನಡೆಯುತ್ತವೆ, ಇಲ್ಲಿ ಫ್ಯಾಂಟಮ್ ಆನ್ ಇರಲೇಬೇಕು. ಇನ್‌ಪುಟ್ 1 ಮೆಗಾ ಓಮ್ ಅಥವಾ ಅದಕ್ಕಿಂತ ಜಾಸ್ತಿ ಇದೆಯೇ ಎಂದು ನೋಡಿಯೇ ತೆಗೆದುಕೊಳ್ಳಿ. ಡಬ್ಬಿಯನ್ನು ವೀಣೆಯ ಪಕ್ಕದಲ್ಲೇ ಇಡಿ, ಮೈಕಿನಿಂದ ಅಲ್ಲಿಗೆ ಎರಡು-ಮೂರು ಮೀಟರಿಗಿಂತ ಉದ್ದ ವೈರ್ ಬೇಡ. ಅಲ್ಲಿಂದ ಮುಂದೆ ಕ್ಯಾನನ್ ವೈರ್ ಎಷ್ಟು ದೂರ ಹೋದರೂ ತೊಂದರೆಯಿಲ್ಲ. ಹಮ್ ಉಳಿದರೆ ಡಬ್ಬಿಯ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ. ಆದರೆ ಆಂಪ್ಲಿಫಯರಿನ ಪ್ಲಗ್ಗಿನ ಅರ್ಥ್ ಕಡ್ಡಿಯನ್ನು ಯಾರೂ ಕಿತ್ತುಹಾಕದ ಹಾಗೆ ನೋಡಿಕೊಳ್ಳಿ. ಹಮ್ ಹೋಗುತ್ತದೆಂದು ಹಾಗೆ ಮಾಡುವವರಿದ್ದಾರೆ, ಅದು ಪ್ರಾಣಕ್ಕೇ ಅಪಾಯ.

ಚಿನ್ನದ ಲೇಪದಿಂದ ನಾದ ಚೆನ್ನಾಗುವುದಿಲ್ಲ, ಪಿನ್ ಕಿಲುಬು ಹಿಡಿಯುವುದಿಲ್ಲ ಅಷ್ಟೆ. ಮಂಗಳೂರು, ಕಾರವಾರದ ಕಡೆಯವರು ಉಪ್ಪುಗಾಳಿಗೆ ಅದನ್ನು ಕೊಂಡರೆ ಅರ್ಥವಿದೆ. ನಿಮಗಾದರೆ ಬೇರೆ ಒಂದು ವಿಷಯ ನೋಡಿ ಎನ್ನುತ್ತೇನೆ: ಉದ್ದನೆಯ ಗಟ್ಟಿ ಅಡಾಪ್ಟರನ್ನು ವಾದ್ಯದ ಅಥವಾ ಮಿಕ್ಸರಿನ ತೂತಿಗೆ ನೇರವಾಗಿ ಸಿಕ್ಕಿಸಿ ವೈರ್ ಜೋತುಬಿಟ್ಟರೆ ಆ ಭಾರಕ್ಕೆ ಒಳಗಿನ ಸಾಕೆಟ್ಟಿನ ಬೆಸುಗೆ ಬಿಟ್ಟುಕೊಳ್ಳುತ್ತದೆ. ಅಡಾಪ್ಟರ್ ಬೇಕೇ ಬೇಕಾದಲ್ಲಿ ಗೇಣುದ್ದ ವೈರ್ ಇರುವುದನ್ನೇ ಕೊಳ್ಳಿ, ಮತ್ತು ವೈರಿನ ಒಂದು ಸುತ್ತನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ, ಯಾರಾದರೂ ಎಡವಿದರೂ ಎಳೆತ ಪಿನ್ನಿನವರೆಗೆ ಬರುವುದಿಲ್ಲ.